ಕಾಡಿನ ನೆಲೆಯಲ್ಲಿ ಕುಳಿತು ಕರಡು ತಿದ್ದುವುದು: ಆಗುವ ಮಾತೇ?

ಅರ್ಕಾವೊತ್ತು:
ಎಲ್ಲರಿಗೂ ನಮಸ್ಕಾರ. ಹದಿನೇಳು ವರ್ಷಗಳಿಂದ ಬೆಂಗಳೂರಿನಲ್ಲಿ ಪುಸ್ತಕ ಸಂಪಾದನೆ ಮತ್ತು ಕರಡು ತಿದ್ದುವ ಕೆಲಸ ಮಾಡಿಕೊಂಡಿದ್ದೇನೆ. ಮೊದಲ ಎಂಟು ವರ್ಷ ಕಚೇರಿಯಲ್ಲಿ, ಆಮೇಲೆ ಮನೆಯಿಂದಲೇ. ಮಗ ಓದಲು ಬೇರೆ ಊರಿಗೆ ಹೋದ. ನಾನಿರುವ ಬೀದಿಯಲ್ಲಿ ನಾಲ್ಕು ವರ್ಷಗಳಿಂದ ಒಂದಲ್ಲ ಒಂದು ಮನೆಗೆ ಮಹಡಿ ಏರುತ್ತಲೇ ಇದೆ. ಗ್ರಾನೈಟ್ ಕೊಯ್ಯುವ ಸದ್ದಿನಲ್ಲಿ ಒಬ್ಬ ಕವಿಯ ಸಮಗ್ರ ಕಾವ್ಯದ ಕರಡು ನೋಡಿದ್ದೇನೆ. ನನ್ನ ತಾಳ್ಮೆಗೆ ಯಾವ ಅಕಾಡೆಮಿಯಾದರೂ ಬಹುಮಾನ ಕೊಡಬೇಕು.

ಈ ಫೆಬ್ರವರಿಯಲ್ಲಿ ಗೆಳತಿಯ ಜೊತೆ ಪುದುಚೇರಿಯ ಹತ್ತಿರದ ಆರೋವಿಲ್‌ನಲ್ಲಿ ಒಂದು ವಾರ ಇದ್ದೆ. ಬೆಳಗಿನ ಆರಕ್ಕೆ ಮರಗಳ ಕೆಳಗೆ ನಡೆದು ಬಂದು, ಜಗಲಿಯಲ್ಲಿ ಕುಳಿತು ನಲವತ್ತು ಪುಟ ತಿದ್ದಿದೆ. ಇಲ್ಲಿ ಅಷ್ಟಕ್ಕೆ ಎರಡು ದಿನ ಬೇಕು. ಅಂದಿನಿಂದ ಒಂದೇ ಯೋಚನೆ. ಅಂಥ ಕಡೆ ಹೋಗಿ ನೆಲೆಸಿ, ಇದೇ ಕೆಲಸ ಮಾಡಿಕೊಂಡು ಬದುಕಬಹುದೇ? ಪ್ರಕೃತಿಯ ನಡುವೆ ಹಲವರು ಕೂಡಿ ಬಾಳುವ ನೆಲೆಗಳಲ್ಲಿ ಇದ್ದವರು, ಇರುವವರು, ಬಿಟ್ಟು ಬಂದವರು ದಯವಿಟ್ಟು ಹೇಳಿ. ಇಂಟರ್ನೆಟ್ ಸಿಗುತ್ತದೆಯೇ, ಹಾವು ಬರುತ್ತದೆಯೇ ಎಂಬುದು ಗೊತ್ತಿದೆ (ಎರಡೂ ಹೌದು). ಕೆಲಸ ಉಳಿಯುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಇನ್ನೊಂದು: ಇಂಥ ನೆಲೆಗಳನ್ನು ಕನ್ನಡದಲ್ಲಿ ಏನೆನ್ನುತ್ತೀರಿ? ಒಂದು ಲೇಖನದಲ್ಲಿ ‘ಉದ್ದೇಶಪೂರ್ವಕ ಸಮುದಾಯ’ ಎಂದಿತ್ತು. ಪೊಲೀಸ್ ದೂರಿನ ಭಾಷೆಯ ಹಾಗಿದೆ ಎಂದು ಹೊಡೆದುಹಾಕಿದೆ. ಬದಲಿಗೆ ಬರೆಯಲು ಪದ ಹೊಳೆಯಲಿಲ್ಲ.

ಕೆಮ್ಮಣ್ಣು:
‘ಕೂಡುಬಾಳ್ವೆ’ ಎಂದು ಬರೆಯುತ್ತೇನೆ ನಾನು. ಯಾರೂ ಇದುವರೆಗೆ ಆಕ್ಷೇಪಿಸಿಲ್ಲ. ನಮ್ಮಲ್ಲಿ ಕನ್ನಡ ಓದುವವರೇ ಇಲ್ಲ ಎಂಬುದು ಕಾರಣ ಇರಬಹುದು.

ಒಂಬತ್ತು ವರ್ಷಗಳಿಂದ ಆರೋವಿಲ್‌ನ ಸುತ್ತಲಿನ ಹಸಿರು ಪಟ್ಟಿಯ ಒಂದು ಸಣ್ಣ ನೆಲೆಯಲ್ಲಿದ್ದೇನೆ. ಹೆಸರು ಬೇಡ, ಹನ್ನೊಂದು ಜನರ ಜಾಗ. ಕೆಲಸ ನಿಮ್ಮದೇ: ಬೆಂಗಳೂರಿನ ಪ್ರಕಾಶಕರ ಪುಸ್ತಕಗಳು. (ಕನ್ನಡ ಪತ್ರಿಕೆಗಳಲ್ಲಿ ಈ ಊರಿನ ಹೆಸರು ಆರೋವಿಲ್, ಅರೋವಿಲ್ಲೆ, ಆರೊವಿಲ್ಲೆ ಎಂದು ಮೂರು ಬಗೆಯಲ್ಲಿ ಬರುತ್ತದೆ. ಒಂದೇ ಲೇಖನದಲ್ಲಿ ಮೂರನ್ನೂ ಕಂಡಿದ್ದೇನೆ. ಕೈ ತುರಿಸಿತು, ಸುಮ್ಮನಾದೆ.)

ಮೊದಲು ನಿಮ್ಮ ಫೆಬ್ರವರಿಯ ಬಗ್ಗೆ. ಫೆಬ್ರವರಿಯಲ್ಲಿ ಇಲ್ಲಿ ಯಾರು ಬೇಕಾದರೂ ನಲವತ್ತು ಪುಟ ತಿದ್ದುತ್ತಾರೆ. ಮಳೆ ಮುಗಿದಿರುತ್ತದೆ, ಬಿಸಿಲು ಏರಿರುವುದಿಲ್ಲ, ನೀವು ಅತಿಥಿ. ಅತಿಥಿಗೆ ಅಡುಗೆ ಪಾಳಿ ಇಲ್ಲ, ಸಭೆ ಇಲ್ಲ, ನರ್ಸರಿಯ ಸಸಿಗಳಿಗೆ ನೀರು ಹಾಕುವ ಸರದಿ ಇಲ್ಲ. ನೀವು ಕಂಡದ್ದು ಆ ನೆಲೆಯ ಜಗಲಿ ಮಾತ್ರ, ಹಿತ್ತಿಲು ಕಂಡಿಲ್ಲ.

ನಿಜವಾದ ತೊಡಕು ಪಂಚಾಂಗದ್ದು. ನಮಗೆ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್. ಈ ಕರಾವಳಿಯಲ್ಲಿ ವರ್ಷದ ಮಳೆಯ ಬಹುಪಾಲು ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ. ಕನ್ನಡ ಪುಸ್ತಕಗಳಿಗೆ ಯಾವಾಗ ಅವಸರ? ರಾಜ್ಯೋತ್ಸವಕ್ಕೆ ಬಿಡುಗಡೆ, ಅದರ ಬೆನ್ನಿಗೆ ಸಾಹಿತ್ಯ ಸಮ್ಮೇಳನದ ಮಳಿಗೆ. ಅಂದರೆ ಬೆಂಗಳೂರಿನಿಂದ ದಿನಕ್ಕೆ ಮೂರು ಫೋನ್ ಬರುವ ಹೊತ್ತಿಗೆ ಸರಿಯಾಗಿ ಇಲ್ಲಿ ಬದುಗಳನ್ನು ಭದ್ರ ಮಾಡಬೇಕು, ಸಸಿ ನೆಡಬೇಕು. 1968ರ ಫೆಬ್ರವರಿ 28ರಂದು ಈ ಊರಿಗೆ ಅಡಿಗಲ್ಲು ಬಿದ್ದಾಗ ಇದು ಕೊರಕಲು ಬಿದ್ದ ಕೆಂಪು ನೆಲ, ಅಲ್ಲಲ್ಲಿ ತಾಳೆಮರ. ಮಣ್ಣು ಪ್ರತಿ ಮಳೆಯಲ್ಲೂ ಸಮುದ್ರಕ್ಕೆ ಹರಿಯುತ್ತಿತ್ತು. ಬದು ಹಾಕಿ ನೀರು ನಿಲ್ಲಿಸಿದ ಮೇಲೆಯೇ ಕಾಡು ಬಂದದ್ದು. ಬದು ಒಂದೆಡೆ ಒಡೆದರೆ ಕೆಳಗಿನ ನಾಲ್ಕೂ ಒಡೆಯುತ್ತವೆ. ‘ನನಗೆ ಇವತ್ತು ಎರಡನೇ ಕರಡು ಇದೆ’ ಎಂದು ಗುದ್ದಲಿ ಹಿಡಿದು ನಿಂತವರಿಗೆ ಹೇಳುವುದು ಹೇಗೆ?

ಮೊದಲ ವರ್ಷ ಅದನ್ನು ಹೇಳಲಾಗದೆ ಹಗಲು ಮಣ್ಣು ಹೊತ್ತೆ, ರಾತ್ರಿ ತಿದ್ದಿದೆ. ಆ ವರ್ಷ ನಾನು ನೋಡಿದ ಪುಸ್ತಕಗಳನ್ನು ಈಗ ತೆರೆಯಲು ಹೆದರುತ್ತೇನೆ.

ಎರಡನೆಯದು, ಕೇಳಲು ಯಾರೂ ಇಲ್ಲದಿರುವುದು. ‘ಅಡಕೆ’ಯೋ ‘ಅಡಿಕೆ’ಯೋ ಎಂದು ಪಕ್ಕದ ಮೇಜಿನವರನ್ನು ಕೇಳುವ ಸುಖ ಕಚೇರಿ ಬಿಟ್ಟವರಿಗೆಲ್ಲ ತಪ್ಪುತ್ತದೆ, ಇಲ್ಲಿ ಅದು ಹತ್ತು ಪಟ್ಟು. ಸುತ್ತ ತಮಿಳು, ಇಂಗ್ಲಿಷ್, ಫ್ರೆಂಚ್. ಮೊದಲ ಮಳೆಗಾಲದಲ್ಲಿ ಜೊತೆಗೆ ಕೆಲಸ ಮಾಡುವ ಕುಯಿಲಪಾಳ್ಯದ ಹಿರಿಯರೊಬ್ಬರು ‘ಏರಿ ತುಂಬಿದೆ’ ಎಂದರು. ಏರಿ ಎಂದರೆ ನಮಗೆ ಕೆರೆಯ ದಂಡೆ, ಅದು ತುಂಬುವುದು ಹೇಗೆ ಎಂದು ನಿಂತೇ ಬಿಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಅಂದು ಸಂಜೆ ತಿದ್ದುತ್ತಿದ್ದ ಕಾದಂಬರಿಯಲ್ಲಿ ‘ಕೆರೆ ಏರಿ’ ಎಂದು ಬಂದಾಗ ಕಣ್ಣು ಅಲ್ಲೇ ನಿಂತಿತು. ಇಂಥ ಲಾಭಗಳೂ ಇವೆ. ಆದರೆ ಅವುಗಳನ್ನು ಹಂಚಿಕೊಳ್ಳಲು ಈ ವೇದಿಕೆಗೇ ಬರಬೇಕು.

ಎರಡನೇ ಕರಡು:
ಪತ್ರಿಕೆಯಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತನಾದವನು. ಒಂದೇ ಪ್ರಶ್ನೆ. ಕಾಗದದ ಮೇಲೆ ತಿದ್ದುತ್ತೀರೋ, ಪರದೆಯ ಮೇಲೋ? ಪರದೆಯ ಮೇಲೆ ಮೊದಲ ಕರಡು ನೋಡಬಹುದು, ಕೊನೆಯದು ಆಗದು. ಕಣ್ಣು ತಾನು ಓದಬೇಕೆಂದದ್ದನ್ನೇ ಓದಿಕೊಳ್ಳುತ್ತದೆ. ನಮ್ಮಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹೋಗುವುದು ಇತ್ತು. ಕಾಡಿನಲ್ಲಿ ಗಟ್ಟಿಯಾಗಿ ಓದಲು ಒಬ್ಬರು ಸಿಗುತ್ತಾರೆಯೇ ತಾಯಿ?

ಕೆಮ್ಮಣ್ಣು:
ಕೊನೆಯ ಕರಡು ಕಾಗದದ ಮೇಲೆಯೇ, ಸರ್. ಗಟ್ಟಿಯಾಗಿ ಓದುವವಳೂ ನಾನೇ, ಬೆರಳಿಡುವವಳೂ ನಾನೇ. ನವಿಲುಗಳು ನಡುನಡುವೆ ಆಕ್ಷೇಪ ಎತ್ತುತ್ತವೆ. ತೊಂದರೆ ಕಾಗದದ್ದಲ್ಲ, ಗೆದ್ದಲಿನದು. ಸರ್ವೆ ಮರದ ಗಳ, ತೆಂಗಿನ ಗರಿಯ ಸೂರಿನ ಗುಡಿಸಲಿನಲ್ಲಿದ್ದಾಗ ನಾಲ್ಕು ದಿನ ಅಲುಗಿಸದೆ ಇಟ್ಟ ಕಟ್ಟಿನಲ್ಲಿ ಮೂರನೇ ಅಧ್ಯಾಯವೇ ಇರಲಿಲ್ಲ. ಲೇಖಕರಿಗೆ ಹೇಳಿದೆ. ‘ಆ ಅಧ್ಯಾಯ ತೆಗೆಯಬೇಕೆಂದು ನನಗೂ ಅನ್ನಿಸಿತ್ತು’ ಎಂದರು. ಈಗ ತಗಡಿನ ಟ್ರಂಕ್ ಇದೆ.

ಅಡಕೆ ಚಪ್ಪರ:
ಸಾಗರದ ಕಡೆಯವನು. ತೋಟ ಇದೆ, ಜೊತೆಗೆ ಅನುವಾದ, ಸಂಪಾದನೆ. ನನಗೆ ಅರ್ಥವಾಗದ್ದು ಇಷ್ಟೇ: ಹಸಿರು ಬೇಕು, ಮೌನ ಬೇಕು, ಒಂದಷ್ಟು ಸಮಾನ ಮನಸ್ಕರು ಬೇಕು ಎಂದರೆ ಅದಕ್ಕೆ ಅಪರಿಚಿತರ ಜೊತೆ ಹೊಸ ಊರು ಏಕೆ ಕಟ್ಟಬೇಕು? ಇರುವ ಊರು ಏನು ಪಾಪ ಮಾಡಿದೆ? ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆ ಶುರುವಾದದ್ದು 1949ರಲ್ಲಿ, ಅಡಕೆ ಬೆಳೆಯುವವರ ನಡುವೆ. ಕೆ.ವಿ. ಸುಬ್ಬಣ್ಣನವರು ಅದೇ ಹಳ್ಳಿಯಿಂದ ಅಕ್ಷರ ಪ್ರಕಾಶನ ನಡೆಸಿದರು. ನಾಟಕ, ವಿಮರ್ಶೆ, ಅನುವಾದ ಎಂದು ಕನ್ನಡದ ಗಂಭೀರ ಪುಸ್ತಕಗಳು ತಾಲ್ಲೂಕು ಕೇಂದ್ರವೂ ಅಲ್ಲದ ಕಡೆಯಿಂದ ಬಂದವು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಆ ಹಳ್ಳಿಯನ್ನೇ ಹುಡುಕಿಕೊಂಡು ಬಂತು. ಅಲ್ಲಿ ಯಾರೂ ತಾವು ಕೂಡಿ ಬಾಳುತ್ತಿದ್ದೇವೆ ಎಂದು ಬೋರ್ಡು ಹಾಕಿಕೊಂಡಿರಲಿಲ್ಲ.

ಇನ್ನು ಬದು ಹಾಕುವ ದಿನ ಕರಡು ಇದ್ದರೆ ಏನು ಮಾಡುವುದು ಎಂದಿರಿ. ಊರಿನಲ್ಲಿ ಮುಯ್ಯಾಳು ಎಂಬ ಏರ್ಪಾಟಿದೆ. ನನ್ನ ಗದ್ದೆಗೆ ನೀವು ಒಂದು ದಿನ, ನಿಮ್ಮ ಗದ್ದೆಗೆ ನಾನು ಒಂದು ದಿನ. ಇವತ್ತು ಬರಲಾಗದಿದ್ದರೆ ಲೆಕ್ಕ ಬಾಕಿ ಇರುತ್ತದೆ, ಮುನಿಸು ಇರುವುದಿಲ್ಲ.

ಕೆಮ್ಮಣ್ಣು:
ಮುಯ್ಯಿಯ ಮಾತು ತೆಗೆದದ್ದು ಒಳ್ಳೆಯದಾಯಿತು. ಒಂದು ವರ್ಷವೆಲ್ಲ ನಾನು ಅದನ್ನೇ ಯೋಚಿಸಿದ್ದೇನೆ. ಅವರ ಬದುವಿಗೆ ನಾನು ಹೋಗುತ್ತೇನೆ. ನನ್ನ ಕರಡಿನ ದಿನ ಮುಯ್ಯಿ ತೀರಿಸಲು ಯಾರು ಬರುತ್ತಾರೆ? ಗುದ್ದಲಿ ಕೆಲಸವನ್ನು ಹನ್ನೊಂದು ಜನ ಹಂಚಿಕೊಳ್ಳಬಹುದು, ‘ಲ’ಕಾರ ‘ಳ’ಕಾರ ನೋಡುವುದನ್ನು ಹಂಚಿಕೊಳ್ಳಲಾಗದು. ನಮ್ಮ ಕೆಲಸ ಕಣ್ಣಿಗೆ ಕೆಲಸದ ಹಾಗೆ ಕಾಣುವುದೂ ಇಲ್ಲ. ಬೆವರಿಲ್ಲ, ರಾಶಿ ಬೀಳುವುದಿಲ್ಲ. ಚೆನ್ನಾಗಿ ಮಾಡಿದರಂತೂ ಮಾಡಿದ ಗುರುತೇ ಉಳಿಯುವುದಿಲ್ಲ. ಜಗಲಿಯಲ್ಲಿ ಕುಳಿತವಳನ್ನು ದಾಟಿ ಹೋಗುವವರು ‘ಓದುತ್ತಿದ್ದೀಯಾ? ಹಾಗಾದರೆ ಸ್ವಲ್ಪ ಬಾ’ ಎನ್ನುತ್ತಾರೆ.

ಕೊನೆಗೆ ಆದದ್ದು ಇದು. ಒಂದು ಸಭೆಯಲ್ಲಿ ನನ್ನ ಎರಡು ಕರಡು ಹಾಳೆಗಳನ್ನು ಹರಡಿದೆ: ಫೈಲ್ ಬಂದ ಹಾಗೆ ಇದ್ದದ್ದು, ನಾನು ತಿದ್ದಿದ್ದು. ಭಾಷೆ ಯಾರಿಗೂ ಗೊತ್ತಿಲ್ಲ, ಆದರೆ ಕೆಂಪು ಶಾಯಿ ಎಲ್ಲರಿಗೂ ಓದಲು ಬರುತ್ತದೆ. ನಮ್ಮ ಅಡುಗೆ ನೋಡಿಕೊಳ್ಳುವವರು ಒಂದು ಪುಟದ ಗುರುತುಗಳನ್ನು ಎಣಿಸಿದರು. ಅರವತ್ತೆರಡು. ‘ಅರವತ್ತೆರಡು ಸಸಿ ಎಂದುಕೊಂಡರೆ ಅರ್ಧ ದಿನದ ಕೆಲಸ’ ಎಂದರು. ಅಂದಿನಿಂದ ಬೆಳಗ್ಗೆ ಆರರಿಂದ ಹನ್ನೊಂದು ನನ್ನದು. ಆಮೇಲಿನ ಹೊತ್ತಿಗೆ ಕರೆದರೆ ಹೋಗುತ್ತೇನೆ.

ಊರಿನ ಪ್ರಶ್ನೆಗೆ: ನಿಮಗೆ ಊರಿದೆ, ತೋಟ ಇದೆ. ಬಾಡಿಗೆ ಮನೆಯಲ್ಲಿ ಹುಟ್ಟಿ ಬೆಳೆದ ನನ್ನಂಥವಳು ನಿಮ್ಮ ಊರಿಗೆ ಬಂದರೆ ‘ಯಾರ ಮನೆಯವಳು?’ ಎಂಬ ಪ್ರಶ್ನೆಗೆ ಏನು ಹೇಳಲಿ?

ಅಡಕೆ ಚಪ್ಪರ:
ಅದು ಸರಿ. ಆ ಪ್ರಶ್ನೆಯನ್ನು ನಾವು ಮೊದಲ ನಿಮಿಷದಲ್ಲೇ ಕೇಳುತ್ತೇವೆ. ಒಪ್ಪಿದೆ.

ಗುಬ್ಬಿಗೂಡು:
ಬಿಟ್ಟು ಬಂದವರ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಳ್ಳಿ. ಯಾವ ಬೆಟ್ಟ, ಯಾವ ನೆಲೆ ಎಂದು ಹೇಳುವುದಿಲ್ಲ. ಎರಡು ವರ್ಷ ಮೂರು ತಿಂಗಳು ಇದ್ದೆ. ನೀರು, ಹಾವು, ಕರೆಂಟು ಯಾವುದೂ ನನ್ನನ್ನು ಓಡಿಸಲಿಲ್ಲ. ಓಡಿಸಿದ್ದು ನನ್ನ ವೃತ್ತಿಯ ಚಟ.

ಸಂಪಾದಕ ಎಂದು ಗೊತ್ತಾದ ಕೂಡಲೇ ಸಭೆಯ ನಡಾವಳಿ ಬರೆಯುವುದು ನನ್ನ ಪಾಲಿಗೆ ಬಂತು. ಅಲ್ಲಿ ತೀರ್ಮಾನಗಳೆಲ್ಲ ಒಮ್ಮತದಿಂದ. ಒಂದು ಸಂಜೆ ಕೊಳವೆ ಬಾವಿ ಕೊರೆಸುವ ವಿಷಯ ಬಂತು. ಮೂರು ಗಂಟೆ ಮಾತಾಯಿತು. ಕೊನೆಗೆ ಹಿರಿಯರೊಬ್ಬರು ‘ಹಾಗಾದರೆ ಎಲ್ಲರೂ ಒಪ್ಪಿದಂತಾಯಿತು’ ಎಂದು ಎದ್ದರು. ನಾನು ಕಂಡದ್ದನ್ನು ಬರೆದೆ: ‘ಏಳು ಜನ ಒಪ್ಪಿದರು. ಮೂವರು ಸುಮ್ಮನಿದ್ದರು.’ ಮರುದಿನ ಅದು ಗೋಡೆಯ ಮೇಲೆ ಅಂಟಿತು. ಸಂಜೆಯ ಹೊತ್ತಿಗೆ ಆ ಮೂವರು ಯಾರು ಎಂಬ ಚರ್ಚೆ. ಸುಮ್ಮನಿದ್ದವರಲ್ಲಿ ಇಬ್ಬರು ‘ನಾವು ಮನಸ್ಸಿನಲ್ಲೇ ಒಪ್ಪಿದ್ದೆವು’ ಎಂದರು. ಇನ್ನೊಬ್ಬರು ನನ್ನ ಕೋಣೆಗೆ ಬಂದು ಕೈ ಹಿಡಿದುಕೊಂಡು ಅತ್ತರು, ಮೊದಲ ಸಲ ಯಾರೋ ತನ್ನನ್ನು ಗಮನಿಸಿದರು ಎಂದು. ಎಂಟು ತಿಂಗಳು ಅದೇ ಜಗಳ. ಬಾವಿ ಕೊರೆಯಲಿಲ್ಲ.

ಸಂಪಾದಕನಾಗಿ ನನ್ನ ವಾಕ್ಯದಲ್ಲಿ ಈಗಲೂ ತಪ್ಪು ಕಾಣುವುದಿಲ್ಲ. ‘ಎಲ್ಲರೂ ಒಪ್ಪಿದರು’ ಎಂದು ಬರೆದಿದ್ದರೆ ಸುಳ್ಳಾಗುತ್ತಿತ್ತು. ಆದರೆ ಅಲ್ಲಿ ಹತ್ತು ಜನ ನಾಳೆ ಬೆಳಗ್ಗೆ ಒಂದೇ ಒಲೆಯ ಮುಂದೆ ನಿಲ್ಲಬೇಕಿತ್ತು. ನಗರದಲ್ಲಿ ನಾವು ತಿದ್ದಿದ ಲೇಖಕರ ಜೊತೆ ಸಂಜೆ ಪಾತ್ರೆ ತೊಳೆಯುವುದಿಲ್ಲವಲ್ಲ!

ಇನ್ನೂ ಒಂದು. ಊರೆಲ್ಲ ತಂದು ಕೊಡುವ ಬರಹಗಳು. ಅನುದಾನದ ಅರ್ಜಿ, ವರ್ಷದ ವರದಿ, ಒಬ್ಬರ ಧ್ಯಾನಾನುಭವದ ನಾನೂರು ಪುಟ. ಎಲ್ಲವೂ ‘ಸ್ವಲ್ಪ ಕಣ್ಣಾಡಿಸಿ’. ಕಣ್ಣಾಡಿಸುವುದು ಎಂಬ ಪದವನ್ನು ಕನ್ನಡದಿಂದ ಕಿತ್ತುಹಾಕಬೇಕು.

ಕೆಮ್ಮಣ್ಣು:
ನಿಮ್ಮ ನಡಾವಳಿಯ ಕಥೆಯನ್ನು ಎರಡು ಸಲ ಓದಿದೆ. ನಾನು ಬಂದ ವಾರವೇ ನಡಾವಳಿ ಬರೆಯುವುದಿಲ್ಲ ಎಂದು ಹೇಳಿಬಿಟ್ಟಿದ್ದೆ. ಜಾಣತನ ಅಲ್ಲ, ಆಗ ನನ್ನ ಇಂಗ್ಲಿಷ್ ಬಗ್ಗೆ ಅಳುಕಿತ್ತು. ಆ ಅಳುಕಿಗೆ ಋಣಿ. ಆದರೆ ಆ ಮೂರನೆಯವರ ಬಗ್ಗೆ ಯೋಚಿಸುತ್ತಿದ್ದೇನೆ. ನೀವು ಬರೆಯದಿದ್ದರೆ ಅವರಿಗೆ ಏನು ಉಳಿಯುತ್ತಿತ್ತು?

ಗುಬ್ಬಿಗೂಡು:
ಅವರು ನನಗಿಂತ ಒಂದು ತಿಂಗಳು ಮೊದಲೇ ಹೊರಟರು. ಈಗಲೂ ಯುಗಾದಿಗೆ ಫೋನ್ ಮಾಡುತ್ತಾರೆ.

ಅರ್ಕಾವೊತ್ತು:
ಇಷ್ಟು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಕೆಮ್ಮಣ್ಣು ಅವರೇ, ಸಂಕೋಚ ಬಿಟ್ಟು ಹಣದ ಬಗ್ಗೆ ಕೇಳುತ್ತೇನೆ. ಕನ್ನಡ ಪುಸ್ತಕದ ಸಂಪಾದನೆಯಲ್ಲಿ ಸಿಗುವ ದುಡ್ಡು ನಿಮಗೂ ಗೊತ್ತು. ಅದರಲ್ಲಿ ಅಲ್ಲಿ ನಡೆಯುತ್ತದೆಯೇ? ತುರ್ತು ಕೆಲಸ ಇರುವಾಗಲೇ ಕರೆಂಟು ಹೋದರೆ?

ಕೆಮ್ಮಣ್ಣು:
ಹಣ: ಇಲ್ಲಿ ನೆಲವಾಗಲಿ ಮನೆಯಾಗಲಿ ಯಾರ ಸ್ವಂತವೂ ಅಲ್ಲ. ನೀವೇ ಹಣ ಹಾಕಿ ಕಟ್ಟಿಸಿದರೂ ನೀವು ಅದನ್ನು ನೋಡಿಕೊಳ್ಳುವವರು ಅಷ್ಟೇ, ಹೊರಡುವಾಗ ಮಾರಿಕೊಂಡು ಹೋಗುವಂತಿಲ್ಲ. ಬೆಂಗಳೂರಿನ ಸೈಟು ಮಾರಿ ಬರುವ ಯೋಚನೆಯಿದ್ದರೆ ಈ ವಾಕ್ಯವನ್ನು ಮೂರು ಸಲ ಓದಿ. ಊರಿನೊಳಗಿನ ಕೆಲಸಗಳಲ್ಲಿ ತೊಡಗಿದವರಿಗೆ ‘ಮೇಂಟೆನೆನ್ಸ್’ ಎಂಬ ಸರಳ ಮಾಸಿಕ ಮೊತ್ತ ಸಿಗಬಹುದು. ನನ್ನ ಹಾಗೆ ಹೊರಗಿನ ಸಂಪಾದನೆ ಇರುವವರು ಊರಿಗೆ ತಮ್ಮ ಪಾಲು ಕೊಡುತ್ತಾರೆ. (ಸಂಪಾದನೆ ಎಂಬ ಒಂದೇ ಪದಕ್ಕೆ ಗಳಿಕೆ, ಪುಸ್ತಕ ತಿದ್ದುವುದು ಎರಡೂ ಅರ್ಥ ಇಟ್ಟ ಹಿರಿಯರಿಗೆ ಹಾಸ್ಯಪ್ರಜ್ಞೆ ಇತ್ತು.) ಬಾಡಿಗೆ, ಪೆಟ್ರೋಲ್, ಹೊರಗಿನ ತಿಂಡಿ ಉಳಿಯುವುದರಿಂದ ಒಬ್ಬಳಿಗೆ ಸಾಕಾಗುತ್ತದೆ. ವಯಸ್ಸಾದ ತಾಯಿಯ ಔಷಧಿ, ಮಗನ ಕಾಲೇಜು ಶುಲ್ಕ ಸೇರಿದರೆ ಸಾಕಾಗುವುದಿಲ್ಲ.

ಕೆಲಸದ ಹೊತ್ತು ತಿನ್ನುವುದು ಕರೆಂಟಿಗಿಂತ ಫೈಲ್. ಇದು ನಿಮಗೂ ಗೊತ್ತಿರುವ ಸಂಕಟ. ಹಳೆಯ ನುಡಿ ಫಾಂಟಿನಲ್ಲಿ ಬಂದದ್ದನ್ನು ಯೂನಿಕೋಡಿಗೆ ತಂದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಕೆಲವರು ಅರ್ಕಾವೊತ್ತಿನ ಬದಲು ಒಂಬತ್ತರ ಅಂಕಿ, ಅನುಸ್ವಾರದ ಸೊನ್ನೆಯ ಬದಲು ನಿಜವಾಗಿಯೂ ಸೊನ್ನೆಯ ಅಂಕಿ ಒತ್ತಿರುತ್ತಾರೆ. ‘ಕಾಯ೯ಕ್ರಮ’ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಕಚೇರಿಯಲ್ಲಾದರೆ ಡಿಟಿಪಿ ಮಾಡುವ ಹುಡುಗನ ಪಕ್ಕ ನಿಂತು ಐದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಇಲ್ಲಿಂದ ಅದು ಹತ್ತು ಸಂದೇಶ, ಮೂರು ಧ್ವನಿಮುದ್ರಿಕೆ, ಒಂದು ಜಗಳ.

ಕರೆಂಟು ಹೋದ ಕಥೆ ಹೇಳುತ್ತೇನೆ. 2024ರ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲಿ, ಡಿಸೆಂಬರ್ 20ರಿಂದ. ಒಂದು ಪ್ರಬಂಧ ಸಂಕಲನ ಅಲ್ಲಿನ ಮಳಿಗೆಗೆ ಬರಲೇಬೇಕಿತ್ತು. ಕೊನೆಯ ಕರಡು ನನ್ನ ಟ್ರಂಕಿನಲ್ಲಿ. ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಮುಟ್ಟಿತು. ಇಪ್ಪತ್ತನಾಲ್ಕು ಗಂಟೆಯಲ್ಲಿ ಪುದುಚೇರಿಯಲ್ಲಿ ಸುಮಾರು 48 ಸೆಂಟಿಮೀಟರ್ ಮಳೆ. 2011ರ ಥಾನೆ ಚಂಡಮಾರುತದ ಗಾಳಿಯನ್ನು ಕಂಡ ಹಳಬರು ಇದನ್ನು ನೀರಿನ ಚಂಡಮಾರುತ ಎಂದರು. ಬೆಳಗ್ಗೆ ಎದ್ದರೆ ದಾರಿಗೆ ಅಡ್ಡಲಾಗಿ ಅಕೇಶಿಯಾ, ಬದುಗಳ ಮೇಲೆ ನೀರು, ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಆರರಿಂದ ಹನ್ನೊಂದು ನನ್ನ ಹೊತ್ತು, ಹೌದು. ಎಲ್ಲರೂ ಗರಗಸ ಹಿಡಿದು ಹೊರಟಾಗ ಯಾರೂ ನನ್ನನ್ನು ಕರೆಯಲಿಲ್ಲ. ಅದೇ ಕಷ್ಟವಾಯಿತು. ಟ್ರಂಕ್ ತೆರೆದೆ, ಎಂಟು ಪುಟ ನೋಡಿದೆ, ಮುಚ್ಚಿ ಹೋದೆ. ಎರಡು ದಿನ ಕೊಂಬೆ ಎಳೆದೆ. ರಾತ್ರಿ ಹಣೆಯ ಟಾರ್ಚಿನಲ್ಲಿ ಉಳಿದದ್ದು ಮುಗಿಸಿ, ಮೂರನೇ ದಿನ ಪುಟಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಸಿಗ್ನಲ್ ಸಿಗುವವರೆಗೆ ನಡೆದು, ಒಂದೊಂದೇ ಫೋಟೊ ತೆಗೆದು ಕಳುಹಿಸಿದೆ.

ಪುಸ್ತಕ ಮಂಡ್ಯಕ್ಕೆ ಹೋಯಿತು. ಲೇಖಕರ ಮಾತಿನ ಕೊನೆಯ ಸಾಲಿನಲ್ಲಿ ನೆರವಾದ ಎಲ್ಲರಿಗೂ ‘ಕೃತಘ್ನತೆಗಳು’ ಸಲ್ಲಿಕೆಯಾಗಿದ್ದವು. ನನ್ನ ಹೆಸರೂ ಅದರಲ್ಲಿದೆ.

ಎರಡನೇ ಕರಡು:
ಲೇಖಕರ ಮಾತು ನಿಮ್ಮ ಕರಡಿನಲ್ಲಿ ಇತ್ತೇ?

ಕೆಮ್ಮಣ್ಣು:
ಇರಲಿಲ್ಲ. ಕೊನೆಗೆ ಸೇರಿಸಿದ್ದು.

ಎರಡನೇ ಕರಡು:
ಹಾಗಾದರೆ ಚಂಡಮಾರುತವನ್ನು ದೂರಬೇಡಿ. ಮೂವತ್ತೊಂದು ವರ್ಷದಲ್ಲಿ ಇದೇ ತಪ್ಪನ್ನು ನಾಲ್ಕು ಸಲ ಅಚ್ಚಿನಲ್ಲಿ ಕಂಡಿದ್ದೇನೆ, ನಾಲ್ಕೂ ಬೆಂಗಳೂರಿನಲ್ಲಿ, ಒಳ್ಳೆಯ ಬಿಸಿಲಿನಲ್ಲಿ. ಮುನ್ನುಡಿ, ಅರಿಕೆ, ಬೆನ್ನುಡಿ ಈ ಮೂರನ್ನೂ ಕೊನೆಯ ಗಳಿಗೆಯಲ್ಲಿ ಸೇರಿಸುತ್ತಾರೆ, ಯಾರೂ ನೋಡುವುದಿಲ್ಲ. ಸಾವಿರ ಪ್ರತಿಯೂ ಹಾಗೇ ಹೋಯಿತೇ?

ಕೆಮ್ಮಣ್ಣು:
ಆರು ನೂರು. ಮಳಿಗೆಯಲ್ಲಿ ಕುಳಿತವರು ಬಿಳಿ ಚೀಟಿ ಅಂಟಿಸಿದರಂತೆ. ನನಗೆ ಕಳುಹಿಸಿದ ಪ್ರತಿಗೆ ಮಾತ್ರ ಅಂಟಿಸಿಲ್ಲ.

ಅಡಕೆ ಚಪ್ಪರ:
ಇನ್ನೊಂದು ಕೇಳಲೇ? ಕೆಲವು ವರ್ಷಗಳಿಂದ ಆ ಊರಿನ ಸುದ್ದಿ ಬರುವುದು ಕೋರ್ಟಿನ ಕಟ್ಟೆಯಿಂದ. ರಸ್ತೆಗೆ ಮರ ಕಡಿದದ್ದು, ಹಸಿರು ನ್ಯಾಯಮಂಡಳಿಯ ಆದೇಶ, 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿದ್ದು. ಹೊಸದಾಗಿ ಹೋಗುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಡವೇ?

ಕೆಮ್ಮಣ್ಣು:
ಹಿಡಿಯಲೇಬೇಕು. 1988ರ ಕಾಯ್ದೆಯ ಪ್ರಕಾರ ಇಲ್ಲಿ ಆಡಳಿತ ಮಂಡಳಿ, ನಿವಾಸಿಗಳ ಸಭೆ, ಅಂತಾರಾಷ್ಟ್ರೀಯ ಸಲಹಾ ಮಂಡಳಿ ಎಂಬ ಮೂರು ಅಂಗಗಳು. ಯಾರ ಮಾತು ಎಲ್ಲಿಯವರೆಗೆ ಎಂಬುದೇ ವ್ಯಾಜ್ಯ. ಐವತ್ತು ಸಾವಿರ ಜನರ ನಗರವೆಂದು ನಕ್ಷೆ ಬರೆದ ಕಡೆ ಮೂರು ಸಾವಿರ ಚಿಲ್ಲರೆ ಜನ, ನಡುವೆ ಬೆಳೆದು ನಿಂತ ಕಾಡು. ನಗರ ಮೊದಲೋ ಕಾಡು ಮೊದಲೋ ಎಂದು ಒಂದೇ ಊಟದ ಮೇಜಿನಲ್ಲಿ ಎರಡು ಪಂಗಡ. ನಾನು ಯಾವ ಕಡೆ ಎಂದು ಇಲ್ಲಿ ಬರೆಯುವುದಿಲ್ಲ. ನಾಳೆ ಬೆಳಗ್ಗೆ ಪಾಳಿ ಇದೆ.

ಗುಬ್ಬಿಗೂಡು:
ನೀವು ಅಲ್ಲಿ ಒಂಬತ್ತು ವರ್ಷ ಹೇಗೆ ಉಳಿದಿರಿ ಎಂದು ಈಗ ಗೊತ್ತಾಯಿತು.

ಅರ್ಕಾವೊತ್ತು:
ಮನೆ ಖಾಲಿ ಮಾಡುವ ಮಾತು ಸದ್ಯಕ್ಕೆ ಬೇಡ ಎಂದುಕೊಂಡೆ. ಮೊದಲು ಎರಡು ತಿಂಗಳು ಬಂದು ಇದ್ದು ನೋಡುತ್ತೇನೆ. ಮುಂದಿನ ಜನವರಿ, ಫೆಬ್ರವರಿ ಹೇಗೆ?

ಕೆಮ್ಮಣ್ಣು:
ಬೇಡ. ಅಕ್ಟೋಬರ್ ಕೊನೆಗೆ ಬನ್ನಿ, ಅತಿಥಿಯಾಗಿ ಅಲ್ಲ, ಪಾಳಿಗೆ ಹೆಸರು ಬರೆಸಿಕೊಂಡು.

ಅರ್ಕಾವೊತ್ತು:
ಅಕ್ಟೋಬರ್, ನವೆಂಬರ್‌ನಲ್ಲಿ ನನ್ನ ಕೈಯಲ್ಲಿ ಮೂರು ಪುಸ್ತಕ ಇರುತ್ತವೆ!

ಕೆಮ್ಮಣ್ಣು:
ಮೂರನ್ನೂ ತನ್ನಿ. ಟ್ರಂಕಿನಲ್ಲಿ ಜಾಗ ಇದೆ. ಅರಿಕೆಯ ಪುಟವನ್ನು ಮೊದಲೇ ಕೇಳಿ ಇಸಿದುಕೊಂಡು ಬನ್ನಿ.